ರೆಕ್ಕೆಯೊಳಗಣ ಬಿರುಕು

(ಸಂಘದ ವಾರ್ಷಿಕೋತ್ಸವದ ಸಂದರ್ಭದಲ್ಲಿ ಮಾಡಿದ ಭಾಷಣದ ಬರಹರೂಪ)



ಕಾವ್ಯ, ಕೀರ್ತನಗಳ ರಸವನ್ನುಂಡ ಈ ಸಭೆಯಲ್ಲಿ ಯಂತ್ರದ ಮಾತನ್ನಾಡಲು ನಿಂತವನಿಗೆ ಸಂಕೋಚವಾಗುವುದು ಸಹಜ. ಸಂಘದ ಕಾರ್ಯದರ್ಶಿಗಳು ನಮ್ಮ ಮನೆಗೆ ದಯಮಾಡಿಸಿ, "ಈ ವರ್ಷ ತಾವು ನಾಲ್ಕು ಮಾತು ಹೇಳಬೇಕು" ಎಂದಾಗ, ನಾನು ಕವಿಯೂ ಅಲ್ಲ, ಪಂಡಿತನೂ ಅಲ್ಲ, ವಿಮಾನಗಳ ದುರಸ್ತಿಯಲ್ಲಿ ಆಯುಷ್ಯ ಸವೆಸಿದವನು ಎಂದು ಬಿನ್ನವಿಸಿಕೊಂಡೆ. "ಹಾಗಾದರೆ ಅದನ್ನೇ ಹೇಳಿರಿ, ಆದರೆ ಕನ್ನಡದಲ್ಲಿ ಹೇಳಿರಿ" ಎಂದರು. ಆ ಷರತ್ತು ನನಗೆ ಪ್ರಿಯವಾಯಿತು. ಆದ್ದರಿಂದ ಸಣ್ಣ ವಿಮಾನದ ರೆಕ್ಕೆಗೆ ಪೆಟ್ಟಾದರೆ ಅದನ್ನು ಹೇಗೆ ಕಂಡುಹಿಡಿಯುತ್ತಾರೆ, ಕಂಡುಹಿಡಿಯುವಾಗ ಮನುಷ್ಯ ಎಲ್ಲಿ ಎಡವುತ್ತಾನೆ ಎಂಬಿಷ್ಟನ್ನೇ ಈ ಹೊತ್ತು ಅರಿಕೆ ಮಾಡಿಕೊಳ್ಳುತ್ತೇನೆ.

ಸೊಲ್ಲಾಪುರಕ್ಕೂ ವಿಮಾನಕ್ಕೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಸಂಬಂಧವುಂಟು, ಅದು ಹಳೆಯದೂ ಉಂಟು. 1882ರಲ್ಲಿ ಇದೇ ಊರಿನಲ್ಲಿ ಹುಟ್ಟಿದ ವಾಲಚಂದ ಹೀರಾಚಂದರು ಭಾರತದಲ್ಲಿ ವಿಮಾನ ಕಟ್ಟಬೇಕೆಂಬ ಹಟ ತೊಟ್ಟರು. ಮೈಸೂರು ಸಂಸ್ಥಾನವು ಅವರ ಕೈಹಿಡಿಯಿತು. ದಿವಾನ್ ಮಿರ್ಜಾ ಇಸ್ಮಾಯಿಲರ ಕಾಲದಲ್ಲಿ, 1940ರ ಡಿಸೆಂಬರಿನಲ್ಲಿ, ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಸ್ಥಾಪಿತವಾಯಿತು. ಯುದ್ಧದ ಒತ್ತಡದಿಂದ 1942ರಲ್ಲಿ ಸರ್ಕಾರವು ಅದನ್ನು ತನ್ನ ಕೈಗೆ ತೆಗೆದುಕೊಂಡಿತು. ಸೊಲ್ಲಾಪುರದ ಮಗ ಬಿತ್ತಿದ ಬೀಜ ಕನ್ನಡ ನೆಲದಲ್ಲಿ ಮೊಳೆತು ಮರವಾಯಿತು. ಅಲ್ಲಿಯೇ ಡಾ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡ ಎಚ್.ಟಿ.-2 ಎಂಬ ತರಬೇತಿ ವಿಮಾನವು 1951ರ ಆಗಸ್ಟಿನಲ್ಲಿ ಮೊದಲ ಸಲ ಹಾರಿತು. 1958ರಲ್ಲಿ ಪುಷ್ಪಕವೆಂಬ ಪುಟ್ಟ ವಿಮಾನ ಹಾರಿತು. ದೇಶದ ಎಷ್ಟೋ ಹಾರಾಟ ಸಂಘಗಳಲ್ಲಿ ಎಷ್ಟೋ ಹುಡುಗರು ಆಕಾಶದ ಅಕ್ಷರಾಭ್ಯಾಸ ಮಾಡಿದ್ದು ಈ ಪುಷ್ಪಕದಲ್ಲಿ. ನಮ್ಮ ಹೋಟಗಿ ರಸ್ತೆಯ ವಿಮಾನ ನಿಲ್ದಾಣದಿಂದ 2025ರ ಜೂನಿನಲ್ಲಿ ಗೋವೆಗೆ ವಿಮಾನ ಹೊರಟಾಗ ಊರಿಗೆ ಊರೇ ಸಂತೋಷಪಟ್ಟಿತು. ಆ ಸಂತೋಷದಲ್ಲಿ ವಾಲಚಂದರ ಹೆಸರನ್ನು ಎಷ್ಟು ಜನ ನೆನೆದರೋ ತಿಳಿಯದು.

ಇನ್ನು ರೆಕ್ಕೆಯ ವಿಷಯಕ್ಕೆ ಬರುತ್ತೇನೆ. ಸಂಕ್ರಾಂತಿಯ ಸಮಯದಲ್ಲಿ ಶ್ರೀ ಸಿದ್ಧರಾಮೇಶ್ವರರ ಯಾತ್ರೆಯಲ್ಲಿ ನಂದಿಧ್ವಜಗಳು ಮೆರವಣಿಗೆ ಹೊರಡುವುದನ್ನು ನೀವೆಲ್ಲ ಕಂಡವರೇ. ಆ ಎತ್ತರದ ಕೋಲಿನ ತುದಿ ಗಾಳಿಯಲ್ಲಿ ತೂಗಾಡುತ್ತದೆ. ನೋಡುವವರ ಕಣ್ಣೆಲ್ಲ ತುದಿಯ ಮೇಲೆಯೇ. ಆದರೆ ಹೊತ್ತವನನ್ನು ಕೇಳಿ ನೋಡಿರಿ; ತುದಿಯಲ್ಲಿ ಒಂದು ಗೇಣು ತೂಗಿದರೆ ತನ್ನ ನಡುವಿನ ಮೇಲೆ ಎಂತಹ ಸೆಳೆತ ಬೀಳುತ್ತದೆಂಬುದನ್ನು ಅವನು ಹೇಳುತ್ತಾನೆ. ವಿಮಾನದ ರೆಕ್ಕೆಯೂ ಹಾಗೆಯೇ. ಅಡ್ಡಲಾಗಿ ಚಾಚಿದ ನಂದಿಧ್ವಜವೆಂದು ಅದನ್ನು ಭಾವಿಸಿರಿ. ಗಾಳಿಯು ರೆಕ್ಕೆಯ ಉದ್ದಕ್ಕೂ ಮೇಲಕ್ಕೆ ಎತ್ತುತ್ತದೆ. ವಿಮಾನದ ಒಡಲು ಕೆಳಕ್ಕೆ ಜಗ್ಗುತ್ತದೆ. ಈ ಎರಡರ ಜಗಳವೆಲ್ಲ ರೆಕ್ಕೆಯು ಒಡಲನ್ನು ಸೇರುವ ಬುಡದಲ್ಲಿ ಕೂಡಿಬೀಳುತ್ತದೆ.

ರೆಕ್ಕೆಯ ಒಳಗೆ ಉದ್ದಕ್ಕೆ ಒಂದೋ ಎರಡೋ ತೊಲೆಗಳಿರುತ್ತವೆ. ತೊಲೆಗೆ ಅಡ್ಡಲಾಗಿ ಪಕ್ಕೆಲುಬುಗಳಿರುತ್ತವೆ. ಅವುಗಳ ಮೇಲೆ ಮೈಹೊದಿಕೆ. ಹಾರುವಾಗ ರೆಕ್ಕೆ ಮೇಲಕ್ಕೆ ಬಾಗುತ್ತದಾದ್ದರಿಂದ ತೊಲೆಯ ಮೇಲಂಚು ಅಮುಕಲ್ಪಡುತ್ತದೆ, ಕೆಳಂಚು ಎಳೆಯಲ್ಪಡುತ್ತದೆ. ಸುಮಾರು 600 ಕಿಲೋಗ್ರಾಂ ತೂಗುವ ಪುಟ್ಟ ವಿಮಾನವು 60 ಅಂಶಗಳಷ್ಟು ವಾಲಿ, ಎತ್ತರ ಕಳೆದುಕೊಳ್ಳದೆ ತಿರುವು ತೆಗೆದುಕೊಂಡರೆ, ರೆಕ್ಕೆಯು ಹೊರಬೇಕಾದ ಭಾರ ಅದರ ಎರಡರಷ್ಟಾಗುತ್ತದೆ. ಬಿರುಗಾಳಿಯ ಹೊಡೆತ ಬಿದ್ದರೆ ಇನ್ನೂ ಹೆಚ್ಚು. ಆದಕಾರಣ ಸಾಮಾನ್ಯ ವರ್ಗದ ಸಣ್ಣ ವಿಮಾನದ ರೆಕ್ಕೆಯು ವಿಮಾನದ ತೂಕದ 3.8 ಪಟ್ಟು ಭಾರವನ್ನು ಬಾಗಿ ಕೆಡದೆ ಹೊರಬೇಕು, ಅದರ ಒಂದೂವರೆಯಷ್ಟು ಭಾರ ಬಂದರೂ ಮುರಿಯಬಾರದು ಎಂದು ನಿಯಮವಿದೆ. ಈ ಲೆಕ್ಕವು ಗಟ್ಟಿಮುಟ್ಟಾದ ಹೊಸ ರೆಕ್ಕೆಗೆ ಸಲ್ಲುವುದು. ಒಳಗೆ ಬಿರುಕು ಹುಟ್ಟಿದ ರೆಕ್ಕೆಗೆ ಯಾವ ಲೆಕ್ಕವೂ ಸಲ್ಲದು.

ಹಳೆಯ ವಿಮಾನಗಳ ಮೈಹೊದಿಕೆ ಲೋಹದ್ದಲ್ಲ, ಅರಳೆಯ ಬಟ್ಟೆ! ಮಗ್ಗದ ಸಪ್ಪಳದಲ್ಲಿ ಬೆಳೆದ ಊರಿಗೆ ಇದು ಹಿತವಾದ ಸುದ್ದಿಯಾಗಬೇಕು. ಪುಷ್ಪಕದ ರೆಕ್ಕೆಗೂ ಬಟ್ಟೆಯನ್ನೇ ಹೊದಿಸುತ್ತಿದ್ದರು. ಬಟ್ಟೆಯನ್ನು ಬಿಗಿಯಾಗಿ ಹೊಲಿದು, ಮೇಲೆ ಡೋಪ್ ಎಂಬ ಅರಗಿನಂತಹ ದ್ರವ ಬಳಿದರೆ ಅದು ತಮಟೆಯ ಚರ್ಮದಂತೆ ಬಿಗಿದು ನಿಲ್ಲುತ್ತದೆ. ಉತ್ತಮ ದರ್ಜೆಯ ಹೊಸ ಬಟ್ಟೆಯ ಒಂದು ಅಂಗುಲ ಅಗಲದ ಪಟ್ಟಿಯು 80 ಪೌಂಡು ಎಳೆತಕ್ಕೆ ತಾಳಬೇಕು; ಬಿಸಿಲುಮಳೆಗಳಲ್ಲಿ ಸವೆದು 56 ಪೌಂಡಿಗೆ ಇಳಿಯಿತೆಂದರೆ ಆ ಬಟ್ಟೆಯನ್ನು ಕಿತ್ತುಹಾಕತಕ್ಕದ್ದು. ಚಾದರದ ಹಾಸು ಹೊಕ್ಕುಗಳನ್ನು ಬೆರಳಿನಲ್ಲಿ ತಿಕ್ಕಿ ಗುಣ ಹೇಳಬಲ್ಲ ನಮ್ಮ ನೇಕಾರರಿಗೆ ಈ ಪರೀಕ್ಷೆಯ ಮರ್ಮವನ್ನು ನಾನು ವಿವರಿಸಬೇಕಾದುದಿಲ್ಲ.

ನನ್ನ ಕೆಲಸದ ಕಾಲದ ಒಂದು ಪ್ರಸಂಗವನ್ನು ಹೇಳದೆ ಮುಂದೆ ಹೋಗಲಾರೆ. ಅದರಲ್ಲಿ ನನ್ನ ತಪ್ಪೂ ಇದೆ, ಆದುದರಿಂದಲೇ ಹೇಳುತ್ತೇನೆ.

ಒಂದು ಹಾರಾಟ ಶಾಲೆಯಲ್ಲಿ ನಾನು ವಿಮಾನಗಳ ತಪಾಸಣೆ ಮಾಡುತ್ತಿದ್ದೆ. ಇಬ್ಬರು ಕೂಡುವ, ಲೋಹದ ರೆಕ್ಕೆಯ ತರಬೇತಿ ವಿಮಾನವೊಂದು ಅಲ್ಲಿತ್ತು. ಅದರ ಗಾಲಿಗಳ ಕಾಲನ್ನು ರೆಕ್ಕೆಯ ತೊಲೆಗೇ ಬಿಗಿದಿದ್ದರು. ನಿಯಮದ ತಪಾಸಣೆ ಮುಗಿಸಿ, ಎಲ್ಲ ಸರಿಯಾಗಿದೆಯೆಂದು ಹಾಳೆಯ ಮೇಲೆ ರುಜು ಮಾಡಿ ಎರಡು ದಿನಗಳಾಗಿದ್ದವು. ಮೂರನೆಯ ದಿನ ಬೆಳಗ್ಗೆ ವಿಮಾನ ತೊಳೆಯುವ ಕೆಲಸಗಾರನು ನನ್ನ ಬಳಿ ಬಂದು ನಿಂತ. ಅವನು ಹೆಚ್ಚು ಓದಿದವನಲ್ಲ. ಕೈಯಲ್ಲಿ ಕಪ್ಪಾದ ಅರಿವೆಯಿತ್ತು.

"ಸಾಹೇಬರ, ನಿನ್ನೆ ಸಂಜೀಗಷ್ಟೇ ಈ ಮಸಿ ಒರಸಿದ್ದೆ ನೋಡ್ರಿ. ಮತ್ತ ಬಂದೈತ್ರಿ" ಎಂದ.

ಹೋಗಿ ನೋಡಿದೆ. ಎಡ ರೆಕ್ಕೆಯ ಬುಡದ ಕೆಳಮೈಯಲ್ಲಿ ಒಂದು ಸಾಲು ರಿವೆಟ್ಟುಗಳ ಹಿಂದೆ ಹೊಗೆಯಾಡಿದಂತೆ ಕಪ್ಪು ಗೆರೆಗಳು ಮೂಡಿದ್ದವು. ಎಂಜಿನಿನ ಎಣ್ಣೆಯ ಜಿಡ್ಡೆಂದು ನಾನು ಎರಡು ದಿನಗಳ ಕೆಳಗೆ ಭಾವಿಸಿದ್ದ ಕಪ್ಪೇ ಅದು. ಜಿಡ್ಡಾದರೆ ಒರಸಿದ ಮೇಲೆ ಇಷ್ಟು ಬೇಗ ಅದೇ ಸ್ಥಳದಲ್ಲಿ, ಅದೇ ಆಕಾರದಲ್ಲಿ ಮರಳಿ ಬರದು. ರಿವೆಟ್ ಸಡಿಲಾಗಿ ತನ್ನ ತೂತಿನಲ್ಲಿ ಅಲುಗಾಡಿದಾಗ ಲೋಹ ಲೋಹವನ್ನು ತಿಕ್ಕಿ ಸಣ್ಣ ಪುಡಿಯಾಗುತ್ತದೆ. ಆ ಪುಡಿಯೇ ಗಾಳಿಯ ದಿಕ್ಕಿಗೆ ಹರಿದು ಮಸಿಯಂತೆ ಕಾಣುತ್ತದೆ. ರೆಕ್ಕೆ ತನ್ನ ನೋವನ್ನು ಬರೆದು ತೋರಿಸುವ ಲಿಪಿ ಅದು. ನನಗೆ ಓದಲು ಬರುತ್ತಿದ್ದರೂ ನಾನು ಓದಿರಲಿಲ್ಲ. ಅವನಿಗೆ ಓದಲು ಬಾರದಿದ್ದರೂ ಅವನು ಕಂಡಿದ್ದ.

ಆ ಬೆಳಗ್ಗೆ ಒಬ್ಬ ವಿದ್ಯಾರ್ಥಿ ಅದೇ ವಿಮಾನದಲ್ಲಿ ಹೊರಡಲು ಸಿದ್ಧನಾಗಿದ್ದ. ಹಾರಾಟವನ್ನು ನಿಲ್ಲಿಸಿದೆವು. ಮೊದಲು ದೂರದಿಂದ ನೋಡಿದೆವು. ಓರೆಬೆಳಕಿನಲ್ಲಿ ಮೈಹೊದಿಕೆಯನ್ನು ನೋಡಿದರೆ, ಗಾಲಿಯ ಕಾಲಿನ ಬಳಿ ಓರೆಯಾಗಿ ಎರಡು ಸುಕ್ಕುಗಳಿದ್ದವು. ಬಳಿಕ ಅಳತೆಯ ಪಟ್ಟಿ ಹಿಡಿದು ಬಾಲದ ಒಂದು ಗುರುತಿನಿಂದ ಎರಡೂ ರೆಕ್ಕೆಗಳ ತುದಿಗೆ ಅಳೆದೆವು. ಎಡಬಲಗಳ ಅಳತೆ ಸಮನಾಗಿರಬೇಕು, ಆಗಿರಲಿಲ್ಲ. ಆಮೇಲೆ ರೆಕ್ಕೆಯ ಅಡಿಯ ಮುಚ್ಚಳಗಳನ್ನು ತೆಗೆದು, ಬ್ಯಾಟರಿಯನ್ನೂ ಉದ್ದ ಹಿಡಿಯ ಕನ್ನಡಿಯನ್ನೂ ಒಳಗೆ ತೂರಿಸಿದೆವು. ಪಕ್ಕೆಲುಬೊಂದು ಮಡಿಚಿಕೊಂಡಿತ್ತು. ಕೆಲವು ರಿವೆಟ್ಟುಗಳ ತೂತುಗಳು ದುಂಡಗಿರದೆ ಉದ್ದುದ್ದವಾಗಿದ್ದವು. ಕೊನೆಗೆ ತೊಲೆಯನ್ನು ಶುಚಿಮಾಡಿ ಕೆಂಪು ಬಣ್ಣದ ದ್ರವ ಹಚ್ಚಿ, ಕೆಲಕಾಲ ಬಿಟ್ಟು ಒರಸಿ, ಮೇಲೆ ಬಿಳಿಯ ಪುಡಿ ಸಿಂಪಡಿಸಿದೆವು. ಬಿರುಕಿದ್ದರೆ ಅದರೊಳಗೆ ಇಳಿದ ಕೆಂಪನ್ನು ಬಿಳಿಯ ಪುಡಿಯು ಹೀರಿ ಹೊರತರುತ್ತದೆ. ವಿಭೂತಿಯ ಮೇಲೆ ಕುಂಕುಮದ ಗೆರೆ ಎಳೆದಂತೆ, ಹೆಬ್ಬೆರಳಿನ ಉಗುರಿನಷ್ಟು ಉದ್ದದ ಕೆಂಪು ಗೆರೆಯೊಂದು ನಮ್ಮ ಕಣ್ಣೆದುರಿಗೆ ಮೆಲ್ಲಗೆ ಮೂಡಿತು. ಅಲ್ಲಿದ್ದ ಯಾರೂ ಮಾತಾಡಲಿಲ್ಲ.

ಇಷ್ಟು ಪೆಟ್ಟು ಸುಮ್ಮನೆ ಬರಲಾರದು. ವಿಮಾನ ಎಲ್ಲಿಯೋ ಗಟ್ಟಿಯಾಗಿ ನೆಲಕ್ಕೆ ಅಪ್ಪಳಿಸಿರಲೇಬೇಕು. ದಾಖಲೆಯ ಪುಸ್ತಕದಲ್ಲಿ ಅಂತಹ ಒಂದು ಅಕ್ಷರವೂ ಇರಲಿಲ್ಲ. ವಿದ್ಯಾರ್ಥಿಗಳನ್ನೆಲ್ಲ ನಿಲ್ಲಿಸಿ, "ಇದನ್ನು ಮಾಡಿದವರಾರು?" ಎಂದು ಕೇಳಿದೆ. ಎಲ್ಲರೂ ತಲೆ ತಗ್ಗಿಸಿದರು. ಉತ್ತರ ಬರಲಿಲ್ಲ. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಬಿರುಕಿದ್ದ ರೆಕ್ಕೆಗೆ ಸರಿಯೆಂದು ರುಜು ಹಾಕಿದವನು ನಾನೇ, ಮತ್ತೊಬ್ಬರನ್ನು "ಯಾರು?" ಎಂದು ಕೇಳುವವನೂ ನಾನೇ. ಮಾರನೆಯ ದಿನ ಅದೇ ಹುಡುಗರನ್ನು ಕೂಡಿಸಿ, ನನ್ನ ರುಜುವಿದ್ದ ಹಾಳೆಯನ್ನು ತೋರಿಸಿ, "ನೋಡಿರಪ್ಪಾ, ನಾನು ಇದನ್ನು ನೋಡಿಯೂ ಗುರುತಿಸಲಿಲ್ಲ. ಇದು ನನ್ನ ತಪ್ಪು. ವರದಿಯಲ್ಲಿ ಹಾಗೆಯೇ ಬರೆದಿದ್ದೇನೆ. ರೆಕ್ಕೆಗೆ ಏನಾಯಿತೆಂಬುದು ಗೊತ್ತಾದರೆ ಉಳಿದ ವಿಮಾನಗಳನ್ನು ಎಲ್ಲಿ ನೋಡಬೇಕೆಂಬುದು ನನಗೆ ಗೊತ್ತಾಗುತ್ತದೆ" ಎಂದೆ.

ಸಂಜೆ ಒಬ್ಬ ಹುಡುಗ ಒಬ್ಬನೇ ಬಂದ. ಬಿಜಾಪುರದ ಕಡೆಯವನು.

"ಸರ, ಹೋದ ವಾರ ವಿಮಾನ ಭಾಳ ಜೋರ ಕುಕ್ಕರಿಸಿತ್ರಿ. ಎರಡು ಸಲ ಪುಟಿದು ನಿಂತಿತ್ರಿ. ಯಾರೂ ನೋಡಿಲ್ಲಂತ ಸುಮ್ಮನಿದ್ದೆರಿ."

"ಯಾಕಪ್ಪಾ ಹೇಳಲಿಲ್ಲ?"

"ನಮ್ಮಪ್ಪ ಹೊಲಾ ಒತ್ತಿ ಹಾಕಿ ಕಳಿಸ್ಯಾನ್ರಿ. ಹೇಳಿದ್ರ ಹೊರಗ ಹಾಕ್ತಾರಂತ ಹೆದರಿದ್ನಿರಿ."

ಆ ಹುಡುಗನು ಹೆದರಿದ್ದು ಪ್ರಾಣಕ್ಕಲ್ಲ, ತಂದೆಯ ಹೊಲಕ್ಕೆ. ಆ ಹೆದರಿಕೆಯೇ ಒಂದು ವಾರ ಕಾಲ ಆ ಬಿರುಕನ್ನು ಮುಚ್ಚಿಟ್ಟಿತ್ತು. ಅವನಾದ ಮೇಲೆ ಆ ವಿಮಾನದಲ್ಲಿ ಹಾರಿದವರೆಲ್ಲ ತಮಗರಿವಿಲ್ಲದೆಯೇ ಆ ಹೆದರಿಕೆಯ ಮೇಲೆ ಕುಳಿತು ಹಾರಿದ್ದರು. ಶಾಲೆಯ ಮುಖ್ಯ ಶಿಕ್ಷಕರು ವಿವೇಕಿಗಳು. ತಾನಾಗಿ ಬಂದು ಹೇಳಿದವನಿಗೆ ಶಿಕ್ಷೆಯಿಲ್ಲ, ಮುಚ್ಚಿಟ್ಟವನಿಗೆ ಮಾತ್ರ ಶಿಕ್ಷೆ ಎಂದು ಅಂದಿನಿಂದ ನಿಯಮ ಮಾಡಿದರು. ಮುಂದಿನ ತಿಂಗಳಲ್ಲಿ ಗಡಸಾಗಿ ಇಳಿದ ದಾಖಲೆಗಳು ಪುಸ್ತಕದಲ್ಲಿ ಹೆಚ್ಚಾದವು. ವಿಮಾನಗಳು ಹೆಚ್ಚು ಕೆಟ್ಟವೆಂದಲ್ಲ. ಹುಡುಗರು ಬಾಯಿ ಬಿಡತೊಡಗಿದರೆಂದು.

ಒಮ್ಮೆಲೆ ಬಿದ್ದ ಪೆಟ್ಟಿನ ಮಾತಾಯಿತು. ಇನ್ನೊಂದು ಬಗೆಯ ಪೆಟ್ಟುಂಟು. ಅದಕ್ಕೆ ಲೋಹದ ದಣಿವು ಎನ್ನುತ್ತಾರೆ. ತಂತಿಯನ್ನು ಒಂದು ಸಲ ಬಾಗಿಸಿದರೆ ಮುರಿಯದು. ಹಿಂದಕ್ಕೂ ಮುಂದಕ್ಕೂ ಹತ್ತಾರು ಸಲ ಬಾಗಿಸಿದರೆ ಮುರಿಯುತ್ತದೆ. ರೆಕ್ಕೆಯು ಪ್ರತಿಯೊಂದು ಹಾರಾಟದಲ್ಲಿಯೂ ಬಾಗಿ ನೆಟ್ಟಗಾಗುತ್ತದೆ. ಬೋಲ್ಟಿನ ತೂತಿನ ಅಂಚಿನಲ್ಲಿ ಎಳೆತವು ಒಂದೆಡೆ ಕೂಡಿಕೊಳ್ಳುವುದರಿಂದ ಬಿರುಕು ಅಲ್ಲಿಯೇ ಹುಟ್ಟುತ್ತದೆ. ಅದು ಕೂದಲಿನಷ್ಟಿದ್ದು, ಒಂದೊಂದು ಹಾರಾಟಕ್ಕೆ ಒಂದಿಷ್ಟು ಮುಂದುವರಿಯುತ್ತದೆ. ಕೊನೆಗೊಂದು ದಿನ, ಉಳಿದ ಅಷ್ಟಿಷ್ಟು ಲೋಹವು ಭಾರ ತಾಳದೆ ಒಮ್ಮೆಗೇ ಹರಿಯುತ್ತದೆ.

ಮುರಿದ ಲೋಹದ ಮುಖವನ್ನು ನೋಡಿದರೆ ಇದೆಲ್ಲ ತಿಳಿಯುತ್ತದೆ. ಬೇಸಗೆಯಲ್ಲಿ ನಮ್ಮ ಸಿದ್ಧೇಶ್ವರ ಕೆರೆಯ ನೀರು ಇಳಿಯುತ್ತ ಹೋದಂತೆ ದಂಡೆಯ ಮೇಲೆ ಒಂದರ ಕೆಳಗೊಂದು ಗೆರೆಗಳು ಉಳಿಯುವುದಿಲ್ಲವೆ? ದಣಿದು ಹರಿದ ಲೋಹದ ಮೇಲೆಯೂ ಅಂತಹ ಬಾಗುಗೆರೆಗಳಿರುತ್ತವೆ. ಬಿರುಕು ಯಾವ ಮೂಲೆಯಲ್ಲಿ ಹುಟ್ಟಿ ಹೇಗೆ ನಡೆಯಿತೆಂಬುದನ್ನು ಅವು ಹೇಳುತ್ತವೆ. ಕಡೆಗೆ ಒಮ್ಮೆಲೆ ಮುರಿದ ಭಾಗ ಮಾತ್ರ ಒಡೆದ ಬೆಲ್ಲದ ಹೆಂಟೆಯಂತೆ ಒರಟಾಗಿರುತ್ತದೆ.

2018ರ ಏಪ್ರಿಲ್ 4ರಂದು ಅಮೆರಿಕದ ಫ್ಲಾರಿಡಾ ಪ್ರಾಂತದ ಡೇಟೋನಾ ಬೀಚ್ ಎಂಬಲ್ಲಿ ಪೈಪರ್ ಕಂಪನಿಯ ಒಂದು ತರಬೇತಿ ವಿಮಾನ ನೆಲ ಮುಟ್ಟಿ ಮತ್ತೆ ಮೇಲೇರುತ್ತಿತ್ತು. ಎಡ ರೆಕ್ಕೆ ಕಳಚಿ ಬಿತ್ತು. ವಿದ್ಯಾರ್ಥಿಯೂ ಪರೀಕ್ಷಕರೂ ಇಬ್ಬರೂ ಅಸುನೀಗಿದರು. ಆ ವಿಮಾನ ಬಹಳ ಹಳೆಯದೇನೂ ಅಲ್ಲ. ಆದರೆ 7,600ಕ್ಕೂ ಹೆಚ್ಚು ಗಂಟೆ ಹಾರಿತ್ತು. ತರಬೇತಿಯ ವಿಮಾನವಾದುದರಿಂದ ಇಳಿಯುವುದು ಏರುವುದು ಲೆಕ್ಕವಿಲ್ಲದಷ್ಟು ನಡೆದಿತ್ತು. ತನಿಖೆಯವರು ನೋಡಿದಾಗ ರೆಕ್ಕೆಯ ತೊಲೆಯ ಕೆಳಂಚಿನಲ್ಲಿ, ಬೋಲ್ಟಿನ ತೂತಿನ ಬಳಿ, ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚು ಲೋಹ ಮೊದಲೇ ದಣಿದು ಬಿರಿದಿತ್ತು. ಬೀಳದೆ ಉಳಿದ ಬಲ ರೆಕ್ಕೆಯನ್ನೂ ಪರೀಕ್ಷಿಸಿದರು. ಅದೇ ಸ್ಥಳದಲ್ಲಿ, ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು ಆಳದ ಎಳೆಯ ಬಿರುಕು ಸಿಕ್ಕಿತು! ಮುಚ್ಚಿದ ಜಾಗದಲ್ಲಿದ್ದ ಆ ಬಿರುಕು ಕಣ್ಣಿನ ತಪಾಸಣೆಗೆ ನಿಲುಕುವಂತಹದಲ್ಲ. ಅದಕ್ಕೆ ವಿದ್ಯುತ್ತಿನ ಸುಳಿಪ್ರವಾಹವನ್ನು ಲೋಹದಲ್ಲಿ ಹರಿಸಿ, ಆ ಸುಳಿ ಎಲ್ಲಿ ತಡೆಯುತ್ತದೆಂದು ನೋಡುವ ಉಪಕರಣ ಬೇಕು. ಅಂತಹ ಪರೀಕ್ಷೆಯನ್ನು ಆ ಜಾತಿಯ ಅನೇಕ ವಿಮಾನಗಳಿಗೆ ಅಲ್ಲಿನ ಸರ್ಕಾರವು 2021ರಲ್ಲಿ ವಿಧಿಸಿತು. ಎರಡು ಜೀವಗಳು ಹೋದ ಮೇಲೆ ಉಳಿದವರಿಗೆ ಕಣ್ಣು ಬಂದಿತು.

ಈಗ ನಮ್ಮ ದೇಶದ್ದೇ ಒಂದು ಹಳೆಯ ಕತೆ. ವಿಮಾನ ಸ್ವಲ್ಪ ದೊಡ್ಡದು, ಯುದ್ಧದ್ದು. ಆದರೆ ಪಾಠ ನಮ್ಮದು. ಎರಡನೆಯ ಮಹಾಯುದ್ಧದಲ್ಲಿ ಇಂಗ್ಲಂಡಿನ ಡಿ ಹ್ಯಾವಿಲೆಂಡ್ ಕಂಪನಿಯವರು ಮಾಸ್ಕಿಟೋ ಎಂಬ ವಿಮಾನ ಕಟ್ಟಿದರು. ಅದರ ಮೈ, ರೆಕ್ಕೆ ಎಲ್ಲವೂ ಕಟ್ಟಿಗೆಯವು. ಪದರ ಹಲಗೆಗಳನ್ನು ಅಂಟಿನಿಂದ ಕೂಡಿಸಿದವು. ಮೊದಮೊದಲು ಹಾಲಿನ ಸತ್ತ್ವದಿಂದ ಮಾಡಿದ ಕೇಸೀನ್ ಅಂಟನ್ನೂ, ಅನಂತರ ರಾಸಾಯನಿಕ ಅಂಟನ್ನೂ ಬಳಸಿದರು. ಆ ವಿಮಾನ ಬಹು ವೇಗದ್ದು, ಬಹು ಕೀರ್ತಿ ಪಡೆದದ್ದು. ಬರ್ಮಾದ ಯುದ್ಧಕ್ಕಾಗಿ ಅದು ಭಾರತಕ್ಕೂ ಬಂದಿತು. ಬೆಂಗಳೂರಿನ ಬಳಿಯ ಯಲಹಂಕದಲ್ಲಿ ಚಾಲಕರಿಗೆ ಅದರ ತರಬೇತಿಯೂ ನಡೆಯಿತು.

1944ರ ಕೊನೆಯ ಭಾಗದಲ್ಲಿ ಪೂರ್ವದೇಶಗಳಲ್ಲಿ ಕೆಲವು ಮಾಸ್ಕಿಟೋ ವಿಮಾನಗಳು ಒಂದರ ಹಿಂದೊಂದು ಬಿದ್ದವು. ರೆಕ್ಕೆಯ ಮೇಲ್ಹೊದಿಕೆಯು ತೊಲೆಯಿಂದ ಕಿತ್ತು ಮೇಲೆದ್ದಿತೆಂಬ ಅನುಮಾನ ಹುಟ್ಟಿತು. ತನಿಖೆಗೆಂದು ಬಂದ ತಂಡದ ಮುಖ್ಯರು ಮೇಜರ್ ಹೀರ್‌ವರ್ಡ್ ಡಿ ಹ್ಯಾವಿಲೆಂಡ್. ಹೆಸರೇ ಹೇಳುವಂತೆ, ಕಟ್ಟಿದವರ ಮನೆತನದವರು. ಡಿಸೆಂಬರಿನ ಆರಂಭದಲ್ಲಿ ಅವರು ವರದಿ ಕೊಟ್ಟರು: ಅಂಟು ಕೆಟ್ಟಿಲ್ಲ, ಮಳೆಗಾಲದ ಹವೆಯಲ್ಲಿ ಕಟ್ಟಿಗೆ ಕುಗ್ಗಿದ್ದೇ ಕಾರಣ. ಅಂದರೆ ತಪ್ಪು ನಮ್ಮ ದೇಶದ ಮುಗಿಲಿನದು!

ಆ ಮಾತು ಅಲ್ಲಿಗೇ ನಿಲ್ಲಲಿಲ್ಲ. ಮುಂದೆ ನಡೆದ ಮತ್ತೊಂದು ವಿಚಾರಣೆಯು ಕಟ್ಟಡದ ದೋಷವೇ ಕಾರಣವೆಂದಿತು. ವಿಮಾನ ನಿರ್ಮಾಣದ ಮಂತ್ರಾಲಯದವರು ಇಂಗ್ಲಂಡಿನಲ್ಲಿಯೇ ಆರು ಬಗೆಯ ಮಾಸ್ಕಿಟೋಗಳನ್ನು ಬಿಚ್ಚಿ ಪರೀಕ್ಷಿಸಿದರು. ಅವು ಭಾರತದ ಬಿಸಿಲನ್ನೂ ಕಂಡಿರಲಿಲ್ಲ, ಮಳೆಯನ್ನೂ ಕಂಡಿರಲಿಲ್ಲ, ಗೆದ್ದಲನ್ನೂ ಕಂಡಿರಲಿಲ್ಲ. ಆದರೂ ಅವುಗಳಲ್ಲಿ ಅದೇ ದೋಷಗಳಿದ್ದವು. ಎರಡು ಕಾರ್ಖಾನೆಗಳಲ್ಲಿ ಅಂಟು ಹಚ್ಚುವ ಕೆಲಸವೇ ತಕ್ಕ ಮಟ್ಟದ್ದಾಗಿರಲಿಲ್ಲವೆಂದು ನಿರ್ಣಯವಾಯಿತು. ಹೀಗಿದ್ದರೂ ಅಧಿಕಾರಿಗಳು ಜನರ ನಂಬುಗೆ ಕೆಡಬಾರದೆಂದು ಹವೆಯ ಕಾರಣವನ್ನೇ ಮುಂದೆ ಮಾಡಿದರು. ರೆಕ್ಕೆಯ ಕೂಡುಗೆರೆಯ ಉದ್ದಕ್ಕೂ ತೆಳುಹಲಗೆಯ ಪಟ್ಟಿಯೊಂದನ್ನು ಹಚ್ಚಿ ನೀರು ಇಳಿಯದಂತೆ ಮುಚ್ಚಿದರು.

ಯುದ್ಧಕಾಲದ ಕಷ್ಟ ನನಗೆ ತಿಳಿಯದ್ದಲ್ಲ. ಅವಸರದಲ್ಲಿ ಸಾವಿರಾರು ಕೈಗಳು ಮಾಡಿದ ಕೆಲಸದಲ್ಲಿ ದೋಷ ಬರುವುದುಂಟು. ಹವೆಗೂ ಅದರಲ್ಲಿ ಪಾಲಿದ್ದೀತು. ಸರಿಯಾಗಿ ಕೂಡದ ಸಂದಿಗೆ ನೀರು ಇಳಿದರೆ ಕೇಡು ಬೆಳೆಯದೆ ಇರಲಾರದು. ಆದರೆ ಒಂದು ಪ್ರಶ್ನೆಯನ್ನು ಬಿಡಲಾಗದು. ಕಾರಣವನ್ನು ಹವೆಯ ಮೇಲೆ ಹಾಕಿದರೆ ಕಾರ್ಖಾನೆಯ ಅಂಟಿನ ಕುಂಚವನ್ನು ನೋಡುವವರಾರು? ಹವೆಯನ್ನು ತಿದ್ದಲು ಯಾರಿಗೂ ಸಾಧ್ಯವಿಲ್ಲ. ಅದಕ್ಕೇ ಹವೆಯನ್ನು ದೂರುವುದು ಎಲ್ಲರಿಗೂ ಸುಲಭ.

ಅದೇ 1944ರಲ್ಲಿ ಶಿಕಾಗೋ ನಗರದಲ್ಲಿ ನಾನಾ ರಾಷ್ಟ್ರಗಳು ಸೇರಿ ನಾಗರಿಕ ವಿಮಾನಯಾನಕ್ಕೆ ಒಂದು ಒಪ್ಪಂದ ಮಾಡಿಕೊಂಡವು. ಅದರ ಹದಿಮೂರನೆಯ ಅನುಬಂಧವು ಅಪಘಾತಗಳ ತನಿಖೆಗೆ ಸಂಬಂಧಿಸಿದುದು. ಅದನ್ನು ಮೊದಲು ಅಂಗೀಕರಿಸಿದ್ದು 1951ರಲ್ಲಿ. ತನಿಖೆಯ ಗುರಿ ಮುಂದಿನ ಅಪಘಾತವನ್ನು ತಪ್ಪಿಸುವುದೊಂದೇ, ತಪ್ಪು ಹೊರಿಸುವುದಲ್ಲ ಎಂಬುದು ಈಗ ಅದರ ಮೂಲತತ್ತ್ವ. ನ್ಯಾಯಾಲಯದ ಕೆಲಸ ಬೇರೆ, ತನಿಖೆಯ ಕೆಲಸ ಬೇರೆ. ನಮ್ಮ ದೇಶದಲ್ಲಿ ಈ ಕೆಲಸಕ್ಕೆಂದೇ 2012ರಲ್ಲಿ ಒಂದು ಪ್ರತ್ಯೇಕ ಮಂಡಲಿ ಏರ್ಪಟ್ಟಿತು. ಆ ಹುಡುಗನು ನನ್ನೆದುರು ನಿಂತ ಸಂಜೆ ನಾನು ಕಲಿತದ್ದನ್ನು ರಾಷ್ಟ್ರಗಳು ಮೊದಲೇ ಬರೆದಿಟ್ಟಿದ್ದವು. ಬರೆದುದನ್ನು ಓದುವುದು ಒಂದು, ಉಂಡು ತಿಳಿಯುವುದು ಇನ್ನೊಂದು.

ಈ ವಿದ್ಯೆಯ ದೊಡ್ಡ ಪೀಠ ಬೆಂಗಳೂರಿನಲ್ಲಿಯೇ ಇದೆ. 1959ರಲ್ಲಿ ದೆಹಲಿಯಲ್ಲಿ ಆರಂಭವಾಗಿ ಮರುವರ್ಷ ಬೆಂಗಳೂರಿಗೆ ಬಂದ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವು ಲೋಹದ ದಣಿವಿನ ಅಭ್ಯಾಸದಲ್ಲಿ ಹೆಸರಾಯಿತು. 1965ರಿಂದ ಅದರ ನಿರ್ದೇಶಕರಾಗಿದ್ದ ಡಾ. ಎಸ್. ಆರ್. ವಳ್ಳೂರಿಯವರು ಈ ಶಾಸ್ತ್ರದಲ್ಲಿಯೇ ಪರಿಣತರು. ಅಲ್ಲಿ ರೂಪುಗೊಂಡ ಹಂಸವೆಂಬ ಇಬ್ಬರ ವಿಮಾನವು 1993ರಲ್ಲಿ ಹಾರಿತು. ಅದರ ಮೈ ಲೋಹವೂ ಅಲ್ಲ, ಕಟ್ಟಿಗೆಯೂ ಅಲ್ಲ. ಗಾಜಿನ ನೂಲಿನ ಬಟ್ಟೆಗೆ ರಾಳ ಹಾಕಿ ಪದರ ಪದರವಾಗಿ ಕಟ್ಟಿದ್ದು. ನೋಡಿರಿ, ತಿರುಗಿ ಬಟ್ಟೆಗೇ ಬಂದೆವು! ಇಂತಹ ಮೈಗೆ ಪೆಟ್ಟಾದರೆ ಮೇಲೆ ಏನೂ ಕಾಣದೆ ಒಳಗಿನ ಪದರಗಳು ಬಿಡಬಹುದು. ಆಗ ಮಾಡುವ ಮೊದಲ ಪರೀಕ್ಷೆ ಯಾವುದೆಂದು ಬಲ್ಲಿರಾ? ಒಂದು ನಾಣ್ಯ ಹಿಡಿದು ಮೆಲ್ಲಗೆ ಬಡಿಯುತ್ತ ಹೋಗುವುದು. ಗಟ್ಟಿಯಿದ್ದಲ್ಲಿ ಕಣ್ಣೆಂದು ಕೇಳುತ್ತದೆ, ಪದರ ಬಿಟ್ಟಲ್ಲಿ ಮಂಕಾಗಿ ಕೇಳುತ್ತದೆ. ಅಕ್ಕಲಕೋಟೆಯ ಸಂತೆಯಲ್ಲಿ ನಮ್ಮ ತಾಯಂದಿರು ಮಡಕೆ ಕೊಳ್ಳುವಾಗ ಬೆರಳಿನಿಂದ ಬಾರಿಸಿ ಕಿವಿಗೊಡುವುದು ಇದೇ ಶಾಸ್ತ್ರವಲ್ಲವೆ? ಹೆಚ್ಚಿನ ಉಪಕರಣಗಳು ಆಮೇಲೆ ಬರುತ್ತವೆ. ಮೊದಲು ಬೇಕಾದುದು ಕಿವಿ.

ಬಂಧುಗಳೆ, ನನ್ನ ಮಾತು ಮುಗಿಯುತ್ತ ಬಂದಿತು. ಗಡಿಯಲ್ಲಿರುವ ನಮ್ಮ ಮನೆಗಳ ಬಗ್ಗೆ ಒಂದು ಮಾತಿದೆ. "ಮಕ್ಕಳಿಗೆ ಕನ್ನಡ ಓದಲು ಬಾರದು, ಏನು ಮಾಡುವುದು, ಗಡಿಯ ಹವೆಯೇ ಹಾಗೆ" ಎಂದು ನಮ್ಮಲ್ಲಿ ಹಲವರು ನಿಟ್ಟುಸಿರು ಬಿಡುವುದನ್ನು ಕೇಳಿದ್ದೇನೆ. ಕೇಳಿದಾಗಲೆಲ್ಲ ನನಗೆ ಮಾಸ್ಕಿಟೋದ ವರದಿ ನೆನಪಿಗೆ ಬರುತ್ತದೆ. ಹವೆಯಲ್ಲಿ ಕಷ್ಟವಿಲ್ಲವೆಂದು ನಾನು ಹೇಳೆನು. ಶಾಲೆಗೆ ಪುಸ್ತಕ ಹೊತ್ತಿಗೆ ಬಾರದಿರುವುದು, ಕನ್ನಡ ಓದಿದವರಿಗೆ ಮುಂದೆ ದಾರಿ ಕಾಣದಿರುವುದು ದಿಟವಾದ ಕಷ್ಟಗಳು. ಅವುಗಳನ್ನು ತಕ್ಕವರ ಮುಂದೆ ಎತ್ತಿ ಹೇಳಲೇಬೇಕು. ಆದರೆ ಹವೆಯನ್ನು ದೂರುವ ಮೊದಲು ನಮ್ಮ ಕೂಡುಗೆರೆಯ ಅಂಟನ್ನು ಒಂದು ಸಲ ನೋಡಿಕೊಳ್ಳೋಣ. ಮನೆಯಲ್ಲಿ ಕನ್ನಡದ ಒಂದು ಪುಸ್ತಕವಿದೆಯೆ? ಅಜ್ಜಿಯ ಮಾತನ್ನು ಮೊಮ್ಮಗಳು ಬರೆಯಬಲ್ಲಳೆ? ತನಗೆ ಬಾರದ ಅಕ್ಷರವನ್ನು ಮಗು ಹೆದರದೆ "ನನಗೆ ಇದು ಬರುವುದಿಲ್ಲ" ಎಂದು ಹೇಳಬಲ್ಲುದೆ? ಬೈಯುವ ಮನೆಯಲ್ಲಿ ಮಗು ತನ್ನ ಬಿರುಕನ್ನು ಮುಚ್ಚಿಡುತ್ತದೆ, ಆ ಹುಡುಗನು ಮುಚ್ಚಿಟ್ಟಂತೆ.

ಮರಾಠಿಯನ್ನು ಚೆನ್ನಾಗಿ ಕಲಿಯಲಿ. ಅದು ನಮ್ಮ ನೆರೆಯವರ ಮಾತು, ಅನ್ನದ ಮಾತು. ವಿಮಾನಕ್ಕೆ ಎರಡು ರೆಕ್ಕೆಗಳಿರುವುದು ಒಂದಕ್ಕೊಂದು ಹಗೆಯೆಂದಲ್ಲ. ಆದರೆ ಎರಡೂ ಗಟ್ಟಿಯಿರಬೇಕು. ಎಡಬಲಗಳ ಅಳತೆ ಸಮನಾಗಿರಬೇಕು.

ವಿದ್ಯಾರ್ಥಿಮಿತ್ರರಿಗೆ ಕೊನೆಯದಾಗಿ ಒಂದು ಮಾತು. ತೊಲೆ, ಪಕ್ಕೆಲುಬು, ಬಿರುಕು, ಸುಕ್ಕು, ಮಸಿ, ದಣಿವು: ಈ ಹೊತ್ತು ನಾನು ಬಳಸಿದ ಪದಗಳಲ್ಲಿ ನಿಮ್ಮ ಮನೆಯಲ್ಲಿ ಇಲ್ಲದ ಪದ ಬಹಳವಿಲ್ಲ. ಕನ್ನಡದಲ್ಲಿ ಓದಿದವನಿಗೆ ಯಂತ್ರ ತಿಳಿಯದೆಂಬ ಮಾತನ್ನು ನಂಬಬೇಡಿರಿ. ಇಂಗ್ಲಿಷನ್ನೂ ಕಲಿಯಿರಿ, ಕೈಪಿಡಿಗಳು ಆ ಭಾಷೆಯಲ್ಲಿವೆ. ಆದರೆ ಅಂದು ಆ ಮಸಿಯನ್ನು ಕಂಡವನು ಕೈಪಿಡಿ ಓದಿದವನಲ್ಲ. ನಿನ್ನೆ ಒರಸಿದ್ದು ಇಂದು ಮತ್ತೆ ಬಂದಿತೇಕೆಂದು ಕೇಳಿದವನು. ಆತನ ಹೆಸರನ್ನು ನನ್ನ ವರದಿಯ ಮೊದಲ ಸಾಲಿನಲ್ಲಿಯೇ ಬರೆದೆ. ಆ ವಿಮಾನ ದುರಸ್ತಿಯಾಗಿ ಮತ್ತೆ ಹಾರಿತು. ಆ ಹುಡುಗನೂ ಹಾರಿದ. ಅವನ ತಂದೆಯ ಹೊಲವೂ ಕೆಲವು ವರ್ಷಗಳಲ್ಲಿ ಬಿಡುಗಡೆಯಾಯಿತೆಂದು ಕೇಳಿ ನನ್ನ ಮನಸ್ಸು ಹಗುರವಾಯಿತು.